ನಿಂತಾಗ ಕೇಳುವ ಸದ್ದು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಶ್ರೀಮಂತ ಎಂದ ಕೂಡಲೇ ಪಕ್ಕದವರ ಮುಖ ನೋಡಬೇಡಿ, ಇವನು ಕತೆಯ ಶ್ರೀಮಂತ. ಮೂರು ಬಟ್ಟೆ ಅಂಗಡಿ, ಎರಡಂತಸ್ತಿನ ಮನೆ, ಮನೆಯ ಮುಂದೆ ಒಂದು ಹಳೇ ಕಾರು. ಹೊಸದು ಕೊಳ್ಳುವ ಶಕ್ತಿ ಇತ್ತು, ಮನಸ್ಸು ಇರಲಿಲ್ಲ. ಮದುವೆಯಾದ ವರ್ಷ ತಂದ ಕಾರು, ಅದರ ಮೇಲೆ ಅವನಿಗೆ ಜೀವ. ಒಳ್ಳೆಯ ಮನುಷ್ಯ, ನೋಡಿ. ಆದರೆ ಯಾವಾಗಲೂ ಅವಸರ.

ಆ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ಟಕ್ ಟಕ್ ಟಕ್ ಟಕ್. ಯಾವಾಗ? ಓಡುವಾಗ ಅಲ್ಲ, ನಿಂತಾಗ. ಎಂಜಿನ್ ಚಾಲೂ ಇದ್ದು ಗಾಡಿ ಸುಮ್ಮನೆ ನಿಂತಾಗ. ಆಕ್ಸಿಲರೇಟರ್ ಒತ್ತಿದರೆ ಸದ್ದು ಮಾಯ. ಶ್ರೀಮಂತ ಏನು ಮಾಡಿದ? ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿದ. ಹೋಗಲಿಲ್ಲ. ದಾರಿಯಲ್ಲಿ ಸಿಕ್ಕ ಯಾವನೋ ಮೆಕ್ಯಾನಿಕ್ಕಿಗೆ, ಐದು ನಿಮಿಷದಲ್ಲಿ ಸದ್ದು ನಿಲ್ಲಿಸು ಎಂದ. ಅವನು ಒಂದು ಸ್ಕ್ರೂ ತಿರುಗಿಸಿದ. ನಿಂತಾಗಲೂ ಎಂಜಿನ್ ಜೋರಾಗಿ ತಿರುಗತೊಡಗಿತು, ಸದ್ದು ಅಡಗಿತು. ಎಂಟು ದಿನಕ್ಕೆ ಮತ್ತೆ ಬಂತು. ಆಗ ಶ್ರೀಮಂತ ಕಂಡುಕೊಂಡ ಮದ್ದು ಯಾವುದು ಗೊತ್ತೇ? ಟೇಪು! ಭಜನೆಯ ಕ್ಯಾಸೆಟ್ ಹಾಕಿ ಜೋರು ಮಾಡಿದ. ತಾಳ ಹಾಕಿದ ಹಾಗೆ ಚೆನ್ನಾಗಿಯೇ ಇದೆ ಎಂದ, ಪುಣ್ಯಾತ್ಮ.

ಒಂದು ದಿನ ಹೆಂಡತಿಯ ತಮ್ಮನ ಮನೆಯ ಗೃಹಪ್ರವೇಶ. ಇಬ್ಬರೇ ಹೊರಟರು. ತಮ್ಮ ಕಟ್ಟಿಸಿದ ಮನೆ ನೋಡಬೇಕೆಂದು ಆಕೆ ತಿಂಗಳಿಂದ ಕಾದಿದ್ದಳು. ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು. ಒಳಗೆ ಭಜನೆ, ಹೊರಗೆ ಟಕ್ ಟಕ್. ಗೇಟಿನ ಪಕ್ಕದ ತಗಡಿನ ಶೆಡ್ಡಿನಿಂದ ಒಬ್ಬ ವಯಸ್ಸಾದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ಕಿಟಕಿ ಬಡಿದ.

“ಸಾವ್ಕಾರ್ರ, ಮೊದ್ಲ ಆ ಟೇಪ್ ಬಂದ್ ಮಾಡ್ರಿ. ಎಷ್ಟ ದಿನ ಆತು ಈ ಸದ್ದು ಶುರುವಾಗಿ?”

“ಈಗ ಎರಡ ದಿನ ಆಗಿರಬೇಕ ನೋಡಪಾ,” ಎಂದ ಶ್ರೀಮಂತ.

ಹೆಂಡತಿ ಕಿಟಕಿಯಾಚೆ ಮುಖ ಮಾಡಿದಳು. ಮೇಸ್ತ್ರಿ ಚುರುಕು ಮನುಷ್ಯ. ಆ ಕಡೆ ಹೋಗಿ, “ಅಕ್ಕಾರ, ನೀವು ಹೇಳ್ರಿ,” ಎಂದ.

“ಯುಗಾದಿಗಿಂತ ಮೊದ್ಲಿಂದ ಐತ್ರೀ. ಇವರು ಅಂಗಡಿಯೊಳಗ ಹೋದಾಗ ಗಾಡಿ ಚಾಲೂ ಇಟ್ಟು ಹೋಗ್ತಾರ, ಒಳಗ ಕುಂತಾಕಿ ನಾನ. ಸದ್ದು ಎಂಜಿನ್ನಿನ ಮ್ಯಾಲಿಂದ ಬರ್ತೈತಿ. ಮತ್ತ ದಿನಾ ಮುಂಜಾನೆ ಅಂಗಳದಾಗ ಕರೇ ಹನಿ ಬಿದ್ದಿರ್ತಾವು. ಎಷ್ಟ ತಿಕ್ಕಿದ್ರೂ ಹೋಗೂದಿಲ್ಲ. ಅದನ್ನ ನಡುವ ಇಟ್ಟು ಸುತ್ತ ರಂಗೋಲಿ ಎಳೀತೀನಿ.”

“ಅರ್ಧ ಕೆಲಸ ನೀವ ಮುಗಿಸಿದ್ರಿ, ಅಕ್ಕಾರ,” ಎಂದ ಮೇಸ್ತ್ರಿ.

ಕಾರನ್ನು ಶೆಡ್ಡಿನ ಮುಂದೆ ತರಿಸಿ ಬಾನೆಟ್ ಎತ್ತಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ತಲೆಯ ಮೇಲಿಟ್ಟು, ಹಿಡಿಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳಿದ. ಗಾಡಿ ಬಂದ್ ಮಾಡಿಸಿ, ಸ್ವಲ್ಪ ತಡೆದು, ಆಯಿಲ್ ಅಳೆಯುವ ಕಡ್ಡಿ ಎಳೆದ. ತುದಿಗೆ ಎಣ್ಣೆಯ ಪಸೆಯೂ ಇಲ್ಲ! ಎಂಜಿನ್ನಿನ ಕೆಳಗೆ ಆಯಿಲ್ ಇಳಿಸುವ ಬೋಲ್ಟಿನ ವಾಷರ್ ಸವೆದು ಆಯಿಲ್ ಬಹುಪಾಲು ಸೋರಿತ್ತು. ಹಿಂದಿನ ಸಲ ಆಯಿಲ್ ಬದಲಿಸಿದಾಗ ವಾಷರನ್ನೂ ಬದಲಿಸಬೇಕಿತ್ತು. ನಮ್ಮ ಶ್ರೀಮಂತನಿಗೆ ಅವಸರ, ಹಳೆಯದನ್ನೇ ಹಾಕಿಸಿದ್ದ.

“ಇನ್ನ ಹತ್ತು ಮೈಲಿ ಓಡ್ಸಿದ್ರ ಎಂಜಿನ್ ಹಿಡಕೊಂಡು ನಿಂತ ಬಿಡ್ತಿತ್ರೀ. ನಿಂತಾಗ ಆಯಿಲ್ ಮ್ಯಾಲ ಏರೂದಿಲ್ಲ, ಅದಕ್ಕ ಒಣಗಿ ಬಡಕೊಂತೈತಿ. ಜೋರ ಓಡಿದ್ರ ಇದ್ದಷ್ಟು ಏರತೈತಿ, ಸದ್ದು ಮುಚ್ಚತೈತಿ. ರೋಗ ಹಂಗ ಇರತೈತಿ.”

ಶ್ರೀಮಂತ ಬೆವೆತ. ಹೆಂಡತಿಯತ್ತ ತಿರುಗಿದ. “ಇಷ್ಟೆಲ್ಲಾ ಗೊತ್ತಿದ್ದು ನನಗ ಯಾಕ ಹೇಳಲಿಲ್ಲ?”

“ಹೇಳಿದ್ನಲ್ರೀ. ಮೊದ್ಲನೇ ಸಲ, ಹಳೇ ಗಾಡಿ ಹಂಗ ಇರತೈತಿ ಅಂದ್ರಿ. ಎರಡನೇ ಸಲ ಟೇಪ್ ಜೋರ ಮಾಡಿದ್ರಿ. ಮೂರನೇ ಸಲ, ನಿನಗೇನ ಗೊತ್ತಾಗತೈತಿ ಗಾಡಿ ವಿಷಯ ಅಂದ್ರಿ. ಆಮ್ಯಾಲ ಹೇಳೂದ ಬಿಟ್ಟೆ.”

ಮೇಸ್ತ್ರಿ ಕಾರಿನ ಕೆಳಗಿನಿಂದಲೇ ಹೇಳಿದ: “ಸದ್ದಿಗೆ ಅಂಜಬ್ಯಾಡ್ರಿ ಸಾವ್ಕಾರ್ರ. ಸದ್ದು ಬಂತಂದ್ರ ಎಂಜಿನ್ ಇನ್ನೂ ನಿಮ್ಮ ಕೂಡ ಮಾತಾಡಾಕತ್ತೈತಿ. ಮಾತು ಬಿಟ್ಟ ದಿನ ಅಂಜ್ರಿ.”

ಹೊಸ ವಾಷರ್, ಹೊಸ ಆಯಿಲ್. ಹಿಂದಿನ ಮೆಕ್ಯಾನಿಕ್ ತಿರುಗಿಸಿದ್ದ ಸ್ಕ್ರೂ ಮೊದಲಿನ ಜಾಗಕ್ಕೆ. ಹತ್ತು ನಿಮಿಷ ಚಾಲೂ ಇಟ್ಟರು. ಟಕ್ ಟಕ್ ಸಣ್ಣಗಾಯಿತು, ನಿಂತಿತು. ಆದರೆ ಶ್ರೀಮಂತನಿಗೆ ಸಮಾಧಾನವಿಲ್ಲ. ಗಾಡಿ ಮಾತು ಬಿಟ್ಟಿರಲಿಲ್ಲ, ನಿಜ. ಹೆಂಡತಿ ಬಿಟ್ಟಿದ್ದಳಲ್ಲ! ಯಾವಾಗಿನಿಂದ ಎಂಬುದೂ ಅವನಿಗೆ ತಿಳಿಯದು. ಶೆಡ್ಡಿನ ಮುಂದೆ ಹಳೇ ಟೈರಿನ ಮೇಲೆ ಅವಳ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದ: “ಗಾಡಿ ಹೋಗ್ಲಿ. ಮತ್ತ ಏನೇನ ಹೇಳೂದ ಬಿಟ್ಟೀ ನೀನು?”

“ಖರೇನ ಕೇಳ್ತೀರೇನು?” ಎಂದಳು ಆಕೆ. ಕಣ್ಣು ತುಂಬಿತ್ತು. ಹೇಳತೊಡಗಿದಳು. ಏನು ಹೇಳಿದಳು? ಅದು ಗಂಡ ಹೆಂಡಿರ ಮಾತು, ನಮಗೇಕೆ? ಗೇಟು ಮೂರು ಸಲ ತೆರೆದು ಮುಚ್ಚಿದರೂ ಶ್ರೀಮಂತ ಏಳಲಿಲ್ಲ. ತಮ್ಮನ ಮನೆಯಲ್ಲಿ ಅವರಿಗೆ ಕಡೆಯ ಪಂಕ್ತಿಯ ಊಟ ಸಿಕ್ಕಿತು. ಇಬ್ಬರೂ ನಗುನಗುತ್ತ ಉಂಡರು.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಹೇಳುವುದನ್ನು ಬಿಟ್ಟವರು ಯಾರು? ಹೆಂಡತಿಯೇ? ಗಂಡನೇ? ಮಗಳೇ? ನನ್ನನ್ನೂ ಸೇರಿಸಿಕೊಳ್ಳಿ. ಪ್ರವಚನ ಉದ್ದವಾಗುತ್ತಿದೆ ಎಂದು ನಮ್ಮ ಮಠದ ಅಡುಗೆಯವರು ಒಮ್ಮೆ ಹೇಳಿದರು. ನಿಮಗೇನು ತಿಳಿಯುತ್ತದೆ ಎಂದುಬಿಟ್ಟೆ. ಅವರು ಹೇಳುವುದನ್ನು ಬಿಟ್ಟರು. ಈಗ ನೋಡಿ, ಆ ಕಂಬಕ್ಕೆ ಒರಗಿ ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ!

ಮನೆಗೆ ಹೋದ ಕೂಡಲೇ ಟಿವಿ ಹಾಕಬೇಡಿ. ಫೋನು ದೂರ ಇಡಿ. ಅವರ ಪಕ್ಕ ಹತ್ತು ನಿಮಿಷ ಸುಮ್ಮನೆ ಕೂತು, ನನಗೆ ಏನು ಹೇಳುವುದನ್ನು ಬಿಟ್ಟಿದ್ದೀಯ ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಅವರು ಬೈದರೆ ಬೈಸಿಕೊಳ್ಳಿ, ಇನ್ನೂ ನಿಮ್ಮ ಮೇಲೆ ಆಸೆ ಇಟ್ಟಿದ್ದಾರೆ ಎಂದುಕೊಳ್ಳಿ. ಆದರೆ, ‘ಏನಿಲ್ಲ ಬಿಡ್ರಿ’ ಎಂದರೆ ಸದ್ಯ ಪಾರಾದೆ ಎಂದು ಏಳಬೇಡಿ. ಹೆದರಬೇಕಾದದ್ದು ಆ ಮಾತಿಗೇ. ನಾಳೆಯೂ ಕೂತು ಕೇಳಿ, ನಾಡಿದ್ದೂ ಕೇಳಿ. ಅವರು ಬಾಯಿ ಬಿಡುವ ತನಕ ಕೇಳಿ.