ಸಂಗೀತದ ಕ್ಲಾಸಿನ ಬಾಗಿಲು

ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಆಲೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಎಸ್ಟೇಟ್ ಮಕ್ಕಳಿಗೆ ಹಾಡಿನ ಕ್ಲಾಸು ನಡೆಸುವ ರಾಜಲಕ್ಷ್ಮಮ್ಮ, ಹೊಸದಾಗಿ ಬಂದ ಹಾರ್ಮೋನಿಯಂ ಮೇಷ್ಟ್ರ ಜೊತೆ ಮಾತಾಡುತ್ತಿದ್ದರು.

“ಕ್ಲಾಸು ನಡೆಯೋ ಸ್ಟೋರ್ ಪಕ್ಕದಲ್ಲೇ ಕಾಫಿಹಣ್ಣು ಸುಲಿಯೋ ಮಿಷನ್ ಓಡ್ತೈತೆ. ಹಾರ್ಮೋನಿಯಂ ಶ್ರುತಿನೇ ಕೇಳ್ಸಲ್ಲ. ಅದಕ್ಕೇ ಬಾಗಿಲು ಹಾಕ್ದೆ,” ಅಂದರು ಮೇಷ್ಟ್ರು.

“ಗಟ್ಟಿಯಾಗಿ ಹಾಡ್ಸಪ್ಪ. ಬಾಗಿಲು ಹಾಕ್ಬೇಡ.”

“ಒಬ್ಳೇ ಹುಡುಗಿ ಬಂದ್ರೆ?”

“ಸ್ಟೋರಲ್ಲಿ ಕೆಲ್ಸ ಮಾಡೋ ಭೂತಮ್ಮನ್ನ ಕರೆದು ಹೊಸ್ತಿಲಲ್ಲಿ ಕೂರಿಸ್ಕೋ. ಕಾಳು ಆರಿಸ್ತಾ ಕೂತಿರ್ತಾಳೆ.”

“ನನ್ಮೇಲೆ ಅನುಮಾನನಾ?”

“ಹಿಂದಿನ ಮೇಷ್ಟ್ರ ಮೇಲೂ ಇರ್ಲಿಲ್ಲ. ಏನೋ ಒಂದು ಮಾತು ಎದ್ದಿತು, ಅವ್ರು ಊರು ಬಿಟ್ಟು ಹೋಗ್ಬುಟ್ರು. ಅವ್ರ ಹತ್ರ ಒಬ್ಳೇ ಕಲಿಯೋಕೆ ಬರ್ತಿದ್ದ ಹುಡುಗಿ ಹಾಡೋದು ಬಿಟ್ಬುಟ್ಳು. ಕೇಳಿದ್ರೆ ಬಾಯೇ ಬಿಡಲ್ಲ.”

“ಅವ್ರು ತಪ್ಪು ಮಾಡಿದ್ರಾ?”

ಹೊಂಗಡಹಳ್ಳದ ಬಸ್ಸು ಬಂತು. ರಾಜಲಕ್ಷ್ಮಮ್ಮ ಚೀಲ ಎತ್ತಿಕೊಂಡರು.

“ನಮಗೇನು ಕಾಣ್ತದೆ ಮಾರಾಯ. ಬಾಗಿಲು ಹಾಕಿತ್ತು.”