ನೆತ್ತಿಗೆ ಬಿದ್ದ ಚೆಂಡು

ಹುಣಸೂರಿನ ಆಸ್ಪತ್ರೆಯ ಜಗಲಿಯಲ್ಲಿ ಔಷಧದ ಸೀಸೆ ಹಿಡಿದು ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಜರಿಪೇಟದ ಡ್ರಿಲ್ ಮೇಷ್ಟ್ರು ಕೂತಿದ್ದರು. ಅವರೆದುರು ಒಬ್ಬ ಹೆಂಗಸು ಸೆರಗು ಬಿಗಿದು ನಿಂತಿದ್ದಳು. ಒಳಗೆ ಕಾಂಪೌಂಡರು ಅವಳ ಮಗನ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಿದ್ದರು.

"ಕಾಲಲ್ಲಿ ಒದೆಯೋ ಚೆಂಡ ತಲೇಲಿ ಹೊಡಿ ಅಂದೋರು ಯಾರು ಮೇಷ್ಟ್ರೇ?"

"ನಾನೇ ಕಣಮ್ಮ. ಮಹಾರಾಜರ ವರ್ಧಂತಿಗೆ ಪಿರಿಯಾಪಟ್ಟಣದವರ ಮೇಲೆ ಪಂದ್ಯ ಇದೆ. ಗೋಲಿನ ಮುಂದೆ ಚೆಂಡು ಎತ್ತರದಲ್ಲಿ ಬಂದ್ರೆ ಕಾಲು ಎಟುಕುತ್ತಾ? ತಲೇಲೇ ಹೊಡೆದು ಒಳಕ್ಕೆ ಹಾಕ್ಬೇಕು."

"ಅದುಕ್ಕೆ ನನ್ನ ಮಗನ ಕತ್ತು ಉಳುಕಿಸಿದ್ರಾ?"

"ಉಳುಕಿಸಿಕೊಂಡಿದ್ದು ಅವನೇ. ಹಣೇಲಿ ಹೊಡಿ ಅಂತ ನೂರು ಸಲ ಬಡ್ಕೊಂಡಿದೀನಿ. ಹುಲ್ಲಿನ ಹೊರೆ ಹೊರೋನ ಹಾಗೆ ನೆತ್ತಿ ಕೊಟ್ಟು ನಿಂತ."

"ಹೊರೆ ಅಂಗೇ ಹೊರೋದು. ಅಲ್ಲಾಡ್ದೆ ನಿಂತ್ಕೊ, ನೆತ್ತಿ ಮ್ಯಾಲೆ ಬಂದು ಕೂರ್ಲಿ ಅಂತ ನಾನೇ ಕಲ್ಸಿವ್ನಿ."

"ಚೆಂಡು ಕೂರೋಕೆ ಬರಲ್ಲಮ್ಮ. ನಾವೇ ನುಗ್ಗಿ ಹೊಡೀಬೇಕು."

"ನೀವು ಒಂದು ಕಿತ ಹೊಡ್ದು ತೋರ್ಸಿದ್ರಾ?"

ಮೇಷ್ಟ್ರು ಪೇಟ ಸರಿಮಾಡಿಕೊಂಡರು.

"ಪುಸ್ತಕದಲ್ಲಿ ಚಿತ್ರ ಇದೆ. ತೋರಿಸಿದೀನಿ."

"ಚಿತ್ರ ಕೇಳ್ನಿಲ್ಲ. ನೀವು ಯಾವತ್ತಾರ ಹೊಡ್ದಿದ್ದೀರಾ?"

"ನಾನು ಹೇಳಿಕೊಡೋನು ಕಣಮ್ಮ."

ಅಷ್ಟರಲ್ಲಿ ಮಗ ಕತ್ತು ವಾರೆ ಮಾಡಿಕೊಂಡು ಹೊರಗೆ ಬಂದ. ಅವಳು ಅವನ ಕೈ ಹಿಡಿದು ಮೆಟ್ಟಿಲಿಳಿದಳು. ಕೆಳಗೆ ನಿಂತು ತಿರುಗಿದಳು.

"ನಾಳೆ ಸಂಜೆ ಮೈದಾನುಕ್ಕೆ ಬತ್ತೀನಿ ಮೇಷ್ಟ್ರೇ. ಪೇಟ ಮನೇಲಿ ಬುಟ್ಟು ಬನ್ನಿ. ಚೆಂಡ ನಾನು ಎಸೀತೀನಿ."