ನಲವತ್ತೊಂದನೇ ಮನೆಯ ಸಹಿ

ರಾತ್ರಿ ಒಂಬತ್ತೂ ಮುಕ್ಕಾಲು. ಕಂಕುಳಲ್ಲಿ ನೋಟಿಸು ಪುಸ್ತಕ, ಕೈಯಲ್ಲಿ ಟಾರ್ಚು. ನಮ್ಮ ಸೋದರತ್ತೆಯ ಮಗ ಬಡಾವಣೆಯ ಕೊನೆಯ ಓಣಿಗೆ ತಿರುಗಿದ. ಆ ಓಣಿಯಲ್ಲಿರುವುದು ಒಂದೇ ಮನೆ. ಮನೆಗೆ ಮುಂಚೆ ಬಾವಿ... ಅಲ್ಲ, ಬಾವಿ ಇದ್ದ ಜಾಗ. ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಹಾಕಿ ಹದಿನೆಂಟು ದಿನ ಆಗಿತ್ತು.

ಹಿಂದೆ ಶಬ್ದ ಕೇಳಿಸಿತು.

ಟಕ್... ಟಕ್... ಟಕ್.

ಅವನ ಕಾಲು ಅಲ್ಲೇ ನಿಂತಿತು. ಆ ಶಬ್ದ ಯಾವುದರದು ಅಂತ ಅವನಿಗೆ ಗೊತ್ತಿತ್ತು. ನಿಮಗೂ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಅರವತ್ತನಾಲ್ಕು ಮನೆಗಳ ಬಡಾವಣೆ. ಅದಕ್ಕೊಂದು ನಿವಾಸಿಗಳ ಸಂಘ. ಪಂಪ್‌ಸೆಟ್ಟಿನ ಪಕ್ಕದ ಕೋಣೆಯೇ ಕಚೇರಿ. ಗೋಡೆಗೆ ಕಿವಿಯಿಟ್ಟರೆ ಮೋಟರು ಗುಂಯ್ ಅನ್ನುವುದು ಕೇಳಿಸುತ್ತಿತ್ತು. ಇವನು ಅಲ್ಲಿ ಗುಮಾಸ್ತ. ಕಾರ್ಯದರ್ಶಿ ಹೇಳಿದ ಸೂಚನೆ ಟೈಪು ಮಾಡಬೇಕು, ಪುಸ್ತಕಕ್ಕೆ ಅಂಟಿಸಬೇಕು, ಮನೆ ಮನೆಗೆ ಒಯ್ದು ಅವರವರ ನಂಬರಿನ ಎದುರು ಸಹಿ ಹಾಕಿಸಬೇಕು. ಬಡಾವಣೆಯವರು ಅವನನ್ನು ನೋಟಿಸಪ್ಪ ಅನ್ನುತ್ತಿದ್ದರು.

ಕಾರ್ಯದರ್ಶಿಗೂ 'ನೆನಪಿರಲಿ' ಅಂತ ಒಂದು ಹೆಸರಿಟ್ಟಿದ್ದರು. ಅವರ ಪ್ರತಿ ಸೂಚನೆ ಶುರುವಾಗುತ್ತಿದ್ದದ್ದೇ ಆ ಮಾತಿನಿಂದ. ನೆನಪಿರಲಿ: ನಾಯಿಗೆ ಸರಪಳಿ ಹಾಕದೆ ಹೊರಗೆ ಬಿಡಬಾರದು. ನೆನಪಿರಲಿ: ಮುಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು. ನೆನಪಿರಲಿ: ಇನ್ನೊಬ್ಬರ ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು.

"ಬೋರ್ಡಿಗೆ ಅಂಟಿಸಿದರೆ ಗಾಳಿ ಓದುತ್ತೆ," ಅನ್ನುತ್ತಿದ್ದರು ಅವರು. "ಸಹಿ ಇದ್ದರೆ ನಾಳೆ ಯಾರೂ ನಾಲಿಗೆ ಹೊರಳಿಸೋ ಹಾಗಿಲ್ಲ."

ಸಹಿ ಹಾಕುವವರು ಓದುತ್ತಿದ್ದರೇ? ಎಲ್ಲಿಂದ. ಒಬ್ಬರು ಫೋನಿನಲ್ಲಿ ಮಾತಾಡುತ್ತಲೇ ಗೀಚುತ್ತಿದ್ದರು. ಇನ್ನೊಬ್ಬರು, "ಏನು ನೋಟಿಸಪ್ಪ, ಈ ಸಲ ಉಸಿರಾಡಕ್ಕೂ ಟೈಮ್ ಹಾಕಿದಾರಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಸಹಿ ಮಾಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅರವತ್ತಮೂರು ಮನೆ ಮುಗಿಸಲು ಒಂದೂವರೆ ಗಂಟೆ ಸಾಕು.

ನಲವತ್ತೊಂದನೇ ಮನೆ ಒಂದಕ್ಕೇ ಅರ್ಧ ಗಂಟೆ.

ಅಲ್ಲಿದ್ದವರು ನಿವೃತ್ತ ಲೆಕ್ಕದ ಟೀಚರ್. ಜೊತೆಗೆ ಮಗಳು, ಆಸ್ಪತ್ರೆಯಲ್ಲಿ ನರ್ಸು. ಟೀಚರ್ ಕನ್ನಡಕ ಹುಡುಕಿ ತರುತ್ತಿದ್ದರು. ಎರಡು ಸಲ ಓದುತ್ತಿದ್ದರು. ಆಮೇಲೆ ಪ್ರಶ್ನೆ. "ನೀರು ಎರಡು ದಿನ ಬರಲ್ಲ ಅಂದರೆ, ಎರಡು ಹಗಲೋ, ನಲವತ್ತೆಂಟು ಗಂಟೆಯೋ?" ಇವನು ತಲೆ ಕೆರೆಯುತ್ತಿದ್ದ. ಕೊನೆಗೆ ಸಹಿ. ಸಹಿಯ ಪಕ್ಕದಲ್ಲಿ ಗಡಿಯಾರ ನೋಡಿ ಹೊತ್ತು.

"ಹೊತ್ತು ಬರೆಯದ ಸಹಿ ಅಂದರೆ ಮೀಟರೋ ಕೇಜಿಯೋ ಅಂತ ಮಾನ ಬರೆಯದ ಉತ್ತರ ಕಣಪ್ಪ. ಅರ್ಧ ಮಾರ್ಕು ಕಟ್."

ಆ ಮನೆಗೆ ಹೋಗುವ ದಾರಿ ಹಳೇ ಬಾವಿಯ ಮೇಲೇ ಹಾದು ಹೋಗುತ್ತಿತ್ತು. ಬಾವಿಗೆ ದೊಡ್ಡ ಕಲ್ಲುಚಪ್ಪಡಿ ಮುಚ್ಚಿದ್ದರು, ನೆಲದ ಮಟ್ಟಕ್ಕೇ. ಟೀಚರ್ ಕೋಲು ಊರಿ ನಡೆಯುವವರು. ನೆಲಕ್ಕೆ ತಾಗಿದರೆ ಟಕ್. ಚಪ್ಪಡಿಗೆ ತಾಗಿದರೆ ಡುಬ್, ಖಾಲಿ ಡ್ರಮ್ಮಿಗೆ ಬಡಿದ ಹಾಗೆ. ಒಳಗಿದ್ದ ಮಗಳು ಡುಬ್ ಕೇಳಿದ ಕೂಡಲೇ ಒಲೆ ಹಚ್ಚಿ ಹಾಲಿಡುತ್ತಿದ್ದಳು. ಅಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಹಾಲು ಬಿಸಿ.

ಒಂದು ಶನಿವಾರ ಈ ಸೂಚನೆ ಹೊರಟಿತು. ನೆನಪಿರಲಿ: ಸೋಮವಾರದಿಂದ ಮೂರು ದಿನ ಹಳೇ ಬಾವಿಯ ಹೂಳು ತೆಗೆಯಲಾಗುವುದು. ಚಪ್ಪಡಿ ತೆಗೆದಿರುತ್ತದೆ. ಓಣಿಯ ದೀಪ ಉರಿಯುವುದಿಲ್ಲ. ಕತ್ತಲಾದ ಮೇಲೆ ಬೇಲಿ ಪಕ್ಕದ ಕಾಲುದಾರಿಯಲ್ಲೇ ಓಡಾಡಬೇಕು.

ಆ ಓಣಿಯಲ್ಲಿ ಓಡಾಡುವವರು ನಲವತ್ತೊಂದನೇ ಮನೆಯವರು ಮಾತ್ರ.

ಆ ಸಂಜೆ ಇವನನ್ನು ನೋಡಲು ಹೆಣ್ಣಿನ ಕಡೆಯವರು ಬರುವವರಿದ್ದರು. ಎರಡು ವರ್ಷ ಖಾಲಿ ಕೂತವನಿಗೆ ಕೆಲಸ ಸಿಕ್ಕಿದೆ ಅಂತಲೇ ಬರಲು ಒಪ್ಪಿದ್ದು. ಆರು ಗಂಟೆಗೆ ಅರವತ್ತಮೂರು ಸಹಿ ಮುಗಿದವು. ಓಣಿಯ ಬಾಯಲ್ಲಿ ನಿಂತ. ನೋಡಿದರೆ ಟೀಚರ್ ಮನೆಯ ದೀಪ ಕಾಣುತ್ತಿತ್ತು. ಹೋದರೆ ಕನ್ನಡಕ, ಪ್ರಶ್ನೆ, ಅರ್ಧ ಗಂಟೆ... ಕಾಂಪೌಂಡು ಗೋಡೆಯ ಮೇಲೆ ಪುಸ್ತಕ ಇಟ್ಟು ತಾನೇ ಸಹಿ ಹಾಕಿದ. ಪ್ರತಿ ವಾರ ನೋಡುವ ಸಹಿ, ಕೈ ತಡವರಿಸಲಿಲ್ಲ. ಪಕ್ಕದಲ್ಲಿ ಹೊತ್ತನ್ನೂ ಬರೆದ. ಸಂಜೆ 6.10.

ಸೋಮವಾರ ಹೇಳಿಬಿಟ್ಟರಾಯಿತು ಅಂದುಕೊಂಡ. ಸೋಮವಾರ ಮರೆತ.

ಸೋಮವಾರ ಟೀಚರ್ ನಸುಕಿನಲ್ಲೇ ಅಕ್ಕನ ಮನೆಗೆ ಹೊರಟಿದ್ದರು. ಮಗಳು ರಾತ್ರಿ ಪಾಳಿ ಮುಗಿಸಿ ಬಂದು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಕೆಲಸದವರು ಹತ್ತು ಗಂಟೆಗೆ ಚಪ್ಪಡಿ ಎತ್ತಿದರು. ಸಂಜೆ ಹೋಗುವಾಗ ಅವರ ಮೇಸ್ತ್ರಿ, "ಸುತ್ತ ಹಗ್ಗ ಕಟ್ಟೋಣ್ವಾ ಸಾರ್?" ಅಂತ ಕೇಳಿದ.

"ಎಲ್ಲರೂ ಓದಿ ಸಹಿ ಹಾಕಿದಾರೆ, ಹಗ್ಗ ಯಾಕೆ?" ಅಂದರು ಕಾರ್ಯದರ್ಶಿ.

ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರಿಗೆ ಮಗಳಿಗೆ ಕೋಲಿನ ಸದ್ದು ಕೇಳಿಸಿತು. ಟಕ್... ಟಕ್... ಎದ್ದು ಅಡುಗೆಮನೆಗೆ ಹೋದಳು. ಬೆಂಕಿಕಡ್ಡಿ ಕೈಯಲ್ಲಿ ಹಿಡಿದು ನಿಂತಳು. ಟಕ್... ಟಕ್...

ಡುಬ್ ಬರಲಿಲ್ಲ.

ಬೆಳಿಗ್ಗೆ ಮೇಲೆತ್ತಿದರು. ಕೋಲು ಸಿಗಲಿಲ್ಲ. ಆ ವಾರವೇ ಬಾವಿಗೆ ಹನ್ನೆರಡು ಲೋಡು ಮಣ್ಣು ಸುರಿದರು. ಕೋಲು ಅದರಡಿಯೇ ಉಳಿಯಿತು.

ಪೊಲೀಸರು ಬಂದಾಗ ಕಾರ್ಯದರ್ಶಿ ಪುಸ್ತಕ ಬಿಚ್ಚಿ ತೋರಿಸಿದರು. "ಓದಿದಾರೆ. ಸಹಿ ಹಾಕಿದಾರೆ. ಹೊತ್ತನ್ನೂ ಬರೆದಿದಾರೆ ನೋಡಿ."

ಅಲ್ಲಿಂದ ಬಡಾವಣೆಯ ಬಾಯಿ ತೆರೆಯಿತು. ಟೀಚರ್ ಎರಡು ಸಲ ಓದದೆ ಸಹಿ ಹಾಕುವವರಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಓದಿದವರಿಗೆ ಬಾವಿ ತೆರೆದಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಹೋದರು ಅಂದಮೇಲೆ...

"ಲೆಕ್ಕದ ಟೀಚರ್ ತಾನೇ. ಲೆಕ್ಕ ಹಾಕಿಯೇ ಹಾರಿರೋದು," ಅಂದ ಮೂಲೆಯ ಅಂಗಡಿಯವನು.

"ಮಗಳ ಜೊತೆ ಏನೋ ಇತ್ತಂತೆ," ಅಂದರು ಪಕ್ಕದ ಬೀದಿಯ ಅತ್ತೆಮ್ಮ. "ಒಳಗೇ ಇದ್ದಳಂತಲ್ಲ ಆ ಹುಡುಗಿ. ಸುಮ್ಮನೆ ನಿಂತಿದ್ದಳಂತೆ."

ನಾಲ್ಕನೇ ದಿನ ಮಗಳು ಕಚೇರಿಗೆ ಬಂದಳು. ಕಣ್ಣು ಊದಿತ್ತು, ಮಾತು ಮಾತ್ರ ಸ್ಥಿರ.

"ಶನಿವಾರ ಅಮ್ಮ ಇದನ್ನ ಓದಿದಾಗ... ಮುಖ ಹೇಗಿತ್ತು?"

ಕಾರ್ಯದರ್ಶಿ ಪಕ್ಕದಲ್ಲೇ ಕೂತಿದ್ದರು.

"ಎಂದಿನ ಹಾಗೇ ಇತ್ತು," ಅಂದ.

ಅವಳು ತಲೆಯಾಡಿಸಿ ಹೋದಳು. ಅವಳು ಹೋದಮೇಲೆ ಇವನು ಕಾರ್ಯದರ್ಶಿಗೆ ಇದ್ದದ್ದು ಹೇಳಿದ. ಅವರು ಕನ್ನಡಕ ಒರೆಸಿಕೊಂಡರು. "ನೀನು ನನಗೆ ಏನೂ ಹೇಳಿಲ್ಲ. ನಾನು ಏನೂ ಕೇಳಿಲ್ಲ. ಮದುವೆ ನಿಕ್ಕಿಯಾಯಿತಂತೆ? ಕೆಲಸ ಬೇಕು ತಾನೇ?"

ಕೆಲಸ ಬೇಕಿತ್ತು.

ಬಾವಿಯ ಮೇಲೆ ಕಾಂಕ್ರೀಟು ಬಿದ್ದು ಹದಿನೆಂಟು ದಿನ ಕಳೆಯಿತು. ಹೊಸ ಸೂಚನೆ ಬಂತು. ನೆನಪಿರಲಿ: ಇತ್ತೀಚಿನ ದುರ್ಘಟನೆಯಿಂದ ಪಾಠ ಕಲಿತು, ಎಲ್ಲರೂ ಸಂಘದ ಸೂಚನೆಗಳನ್ನು ಓದಿ ಪಾಲಿಸಬೇಕು. ಟೈಪು ಮಾಡುವಾಗ ಇವನ ಬೆರಳು ಎರಡು ಸಲ ತಪ್ಪಿತಂತೆ. ನಲವತ್ತೊಂದನೇ ಮನೆಯ ಸಹಿ ಬೇಕೇಬೇಕು ಅಂದರು ಕಾರ್ಯದರ್ಶಿ. ಮಗಳು ಹಗಲೆಲ್ಲ ಬಾಗಿಲು ತೆಗೆಯಲಿಲ್ಲ. ರಾತ್ರಿ ಹತ್ತೂವರೆಗೆ ಪಾಳಿಗೆ ಹೊರಡುತ್ತಾಳೆ, ಅದಕ್ಕೆ ಮುಂಚೆ ಹಿಡಿ ಅಂದರು.

ಹಾಗೆ ಹೋದದ್ದು ಅವನು, ಆ ಹೊತ್ತಿನಲ್ಲಿ, ಆ ಓಣಿಗೆ.

ಟಕ್... ಟಕ್... ಟಕ್.

ಟಾರ್ಚು ತಿರುಗಿಸಿದ. ಬೆಳಕು ಖಾಲಿ ದಾರಿಯ ಮೇಲೆ ಬಿತ್ತು. ಶಬ್ದ ಮಾತ್ರ ಬಂತು. ಅವನ ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಕಾಂಕ್ರೀಟು ಹಾಕಿದ ಜಾಗ ಮುಟ್ಟಿತು.

ಡುಬ್.

ಕೆಳಗೆ ಹನ್ನೆರಡು ಲೋಡು ಮಣ್ಣಿದೆ. ಆದರೂ ಡುಬ್.

ಅಲ್ಲೇ ನಿಂತಿತು. ಆಮೇಲೆ ಪಿಸುಮಾತು. ಒದ್ದೆ ಬಟ್ಟೆ ಹಿಂಡಿದ ಹಾಗಿತ್ತಂತೆ ದನಿ.

"ಪುಸ್ತಕ ತಂದಿದೀಯೇನಪ್ಪ?"

"ತಂದಿದೀನಿ... ಟೀಚರ್."

"ಓದು. ನನ್ನ ಕನ್ನಡಕ ಇಲ್ಲ."

ಇವನು ಹೊಸ ಸೂಚನೆಯ ಹಾಳೆ ತೆಗೆದ.

"ಅದಲ್ಲ. ಹಿಂದಿಂದು."

ಹಾಳೆ ತಿರುವಿದ. ಪರಪರ ಸದ್ದು. ಬಾಯಿಪಾಠವೇ ಇತ್ತು, ಓದಿದ. ಸೋಮವಾರದಿಂದ ಮೂರು ದಿನ... ಚಪ್ಪಡಿ ತೆಗೆದಿರುತ್ತದೆ... ಕತ್ತಲಾದ ಮೇಲೆ...

"ಇನ್ನೊಂದು ಸಲ."

ಇನ್ನೊಂದು ಸಲ ಓದಿದ.

"ಸರಿ. ಸಹಿ ಎಲ್ಲಿ ಹಾಕಲಿ?"

"ನಿಮ್ಮ ನಂಬರಿನ ಎದುರು, ಟೀಚರ್."

ಎಲ್ಲೋ ದೂರದಲ್ಲಿ ಪಂಪಿನ ಗುಂಯ್. ಆಮೇಲೆ...

"ಅಲ್ಲಿ ಜಾಗ ಇಲ್ಲವಲ್ಲಪ್ಪ. ಯಾರೋ ಹಾಕಿಬಿಟ್ಟಿದಾರೆ."

ಇವನು ಅಳತೊಡಗಿದ. "ನಾನೇ ಟೀಚರ್."

"ಎಷ್ಟು ಹೊತ್ತಿಗೆ?"

"ಆರು ಹತ್ತಕ್ಕೆ."

"ಆಗ ನಾನು ಎಲ್ಲಿದ್ದೆ?"

"ಮನೇಲೇ ಇದ್ರಿ. ದೀಪ ಕಾಣ್ತಿತ್ತು."

"ಬಂದು ಬಾಗಿಲು ತಟ್ಟಿದ್ದರೆ?"

"...ತೆಗೀತಿದ್ರಿ."

ಟೀಚರ್ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅನ್ನುತ್ತಾನೆ ಅವನು ಈಗಲೂ.

ಬೇಲಿ ಹಾರಿದನೋ, ದಾರಿಯಲ್ಲೇ ಓಡಿದನೋ, ಅವನಿಗೆ ನೆನಪಿಲ್ಲ. ನಲವತ್ತೊಂದರ ಬಾಗಿಲು ತಟ್ಟುವ ಮುಂಚೆಯೇ ತೆರೆಯಿತು. ಮಗಳು ನಿಂತಿದ್ದಳು. ಅವಳ ಹಿಂದೆ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಮೇಲೆ ಹಾಲಿನ ಪಾತ್ರೆ.

ಅವಳು ಅವನನ್ನು ನೋಡಲಿಲ್ಲ, ಅವನ ಹಿಂದಿನ ಕತ್ತಲನ್ನು ನೋಡಿದಳು. "ಶಬ್ದ ಕೇಳಿಸ್ತು," ಅಂದಳು. "ಕೈ ತಾನಾಗೇ ಹೋಯ್ತು."

ಇವನು ಹೊಸ್ತಿಲ ಹೊರಗೇ ಕುಸಿದು ಎಲ್ಲ ಹೇಳಿದ. ಗೋಡೆಯ ಮೇಲೆ ಪುಸ್ತಕ ಇಟ್ಟದ್ದು, ಹೆಣ್ಣಿನ ಕಡೆಯವರು, ಸೋಮವಾರ ಮರೆತದ್ದು. ಅವಳು ಅಳಲಿಲ್ಲ, ಕೂಗಲಿಲ್ಲ. ಹಾಲು ಉಕ್ಕಿ ಒಲೆಗೆ ಬಿದ್ದು ಚುರ್ರ್ ಅಂದಿತು, ಅದನ್ನೂ ತಿರುಗಿ ನೋಡಲಿಲ್ಲ.

"ಹಾಗಾದರೆ ಅಮ್ಮನಿಗೆ ಗೊತ್ತಿರಲಿಲ್ಲ."

"ಇಲ್ಲ."

"ಅವಳು ಮನೆಗೆ ಬರ್ತಾ ಇದ್ದಳು."

"ಹೌದು ಅಕ್ಕ."

"ಅಕ್ಕ ಅನ್ನಬೇಡ," ಅಂದಳು. ಒಳಗಿಂದ ಹಾಳೆ, ಪೆನ್ನು ತಂದಳು. "ಬರೆದು ಕೊಡು."

ಬರೆದ. ಸಹಿ ಹಾಕಿದ. ಅವಳು ಹಾಳೆ ತೆಗೆದುಕೊಳ್ಳದೆ ನಿಂತಳು.

"ಹೊತ್ತು?"

ರಾತ್ರಿ 10.05 ಅಂತ ಬರೆದ.

ಕತೆ ಇಲ್ಲಿಗೆ ಮುಗಿದು ಟೀಚರಿಗೆ ನ್ಯಾಯ ಸಿಕ್ಕಿತು ಅಂದರೆ ಎಷ್ಟು ಚೆನ್ನಾಗಿರುತ್ತಿತ್ತು.

ಭಾನುವಾರ ಸಂಘದ ಸಭೆ. ಮಗಳು ಎದ್ದು ಆ ಹಾಳೆ ಓದಿದಳು. ಕಾರ್ಯದರ್ಶಿ ಕೊನೆಯವರೆಗೂ ಕೇಳಿದರು. ಆಮೇಲೆ ಫೈಲಿನಿಂದ ಇನ್ನೊಂದು ಹಾಳೆ ತೆಗೆದರು. ಗುಮಾಸ್ತನನ್ನು ಕೆಲಸದಿಂದ ತೆಗೆದ ಪತ್ರ. ಇವನು ಎಂದೂ ಕಂಡಿರದ ಪತ್ರ, ತಾರೀಖು ಮಾತ್ರ ಹತ್ತು ದಿನ ಹಿಂದಿನದು.

"ಕೆಲಸ ಕಳಕೊಂಡವನು ಸಿಟ್ಟಿಗೆ ಏನು ಬೇಕಾದರೂ ಬರೀತಾನೆ," ಅಂದರು. "ಅದೂ ರಾತ್ರಿ ಹತ್ತು ಗಂಟೆಗೆ, ಒಂಟಿ ಹೆಣ್ಣುಮಗಳ ಮನೇಲಿ ಕೂತು."

ಯಾರೋ ಕೆಮ್ಮಿದರು. ಯಾರೋ ನಕ್ಕರು. ಪುಸ್ತಕ ಇನ್ನೊಮ್ಮೆ ನೋಡೋಣ ಅಂತ ಒಬ್ಬರೂ ಅನ್ನಲಿಲ್ಲ. ನೋಡಿದರೆ ಅವರವರ ಸಹಿಯೂ ಎದುರಿಗೆ ಬರುತ್ತಿತ್ತು. ನೀನಾದರೂ ಓದಿದ್ದೆಯಾ ಅಂತ ಯಾರಾದರೂ ಕೇಳಿದರೆ?

ಹೆಣ್ಣಿನ ಕಡೆಯವರು ಮದುವೆ ಮುರಿದರು. ಮಗಳು ಆ ತಿಂಗಳ ಕೊನೆಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡು ಹೋದಳು. ನಲವತ್ತೊಂದಕ್ಕೆ ಬೀಗ ಬಿತ್ತು. ನಮ್ಮ ಸೋದರತ್ತೆಯ ಮಗ ಈಗ ಒಂದು ಗೋದಾಮಿನಲ್ಲಿದ್ದಾನೆ. ಯಾವ ಕಾಗದಕ್ಕೆ ಸಹಿ ಹಾಕಿದರೂ ಪಕ್ಕದಲ್ಲಿ ಹೊತ್ತು ಬರೆಯುತ್ತಾನೆ. ಅಲ್ಲಿಯವರು ಅದಕ್ಕೂ ಒಂದು ಹೆಸರಿಟ್ಟಿದ್ದಾರೆ, ಹೇಳುವುದು ಬೇಡ.

ಇದೆಲ್ಲ ಅವನ ಭ್ರಮೆ ಅಂತ ನೀವು ಅನ್ನಬಹುದು. ತಪ್ಪಿತಸ್ಥನ ಕಿವಿಗೆ ಏನು ಬೇಕಾದರೂ ಕೇಳಿಸುತ್ತೆ. ಇರಲಿ. ಒಂದು ವರ್ಷದ ಮೇಲೆ ಸಂಘ ಹೊರಡಿಸಿದ ಸೂಚನೆ ಮಾತ್ರ ಭ್ರಮೆಯಲ್ಲ. ಅದು ಪುಸ್ತಕದಲ್ಲಿ ಅಂಟಿಸಿಯೇ ಇದೆ. ಕಾರ್ಯದರ್ಶಿ ಅವರೇ.

ನೆನಪಿರಲಿ: ರಾತ್ರಿ ಒಂಬತ್ತೂವರೆಯ ನಂತರ ಹಳೇ ಬಾವಿಯ ಜಾಗದಲ್ಲಿ ಕೋಲು ಕುಟ್ಟಿ ಶಬ್ದ ಮಾಡುವವರು ಯಾರೇ ಆಗಿರಲಿ, ಕೂಡಲೇ ನಿಲ್ಲಿಸಬೇಕು.

ಹೊಸ ಗುಮಾಸ್ತ ಒಳ್ಳೆಯವನು, ಮನೆ ಮನೆಗೂ ಹೋಗಿ ಬಂದ. ಅರವತ್ತಮೂರು ಸಹಿ ಹಾಕಿಸಿದೆ, ಬೀಗ ಹಾಕಿದ ಮನೆ ಬಿಟ್ಟೆ ಅಂತ ಆಣೆ ಮಾಡಿ ಹೇಳುತ್ತಾನೆ. ಪುಸ್ತಕ ಕಚೇರಿಯಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು. ಅದರಲ್ಲಿರುವುದು ಅರವತ್ತನಾಲ್ಕು.

ಅರವತ್ತಮೂರಕ್ಕೆ ಹೊತ್ತು ಇಲ್ಲ. ನಲವತ್ತೊಂದರ ಎದುರು ಇದೆ. ರಾತ್ರಿ 9.48.